ಹತ್ತು ಸಾವಿರ ಅಡಿಗಿಂತ ಕೆಳಗೆ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕೊಲ್ಲಿ ದೇಶದ ಹೋಟೆಲೊಂದರಲ್ಲಿ ಸಮವಸ್ತ್ರದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಅವರ ಮಗಳು ಫೋನಿಗೆ ಎರಡೇ ಸಾಲು ಬರೆದಿದ್ದಳು. "ಅಪ್ಪ ಬೆಳಿಗ್ಗೆ ಹೋದರು. ನೀವು ಬರೋಕೆ ಆಗಲ್ಲ ಅಂತ ಗೊತ್ತು, ಬೇಜಾರು ಮಾಡ್ಕೋಬೇಡಿ." ಸರಕು ವಿಮಾನ ಹಾರಿಸುವವರ ಹಣೆಬರಹವೇ ಇಷ್ಟು. ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಇಸ್ತ್ರಿ ಮುಗಿಸಿದೆ, ಅದೇ ಶರ್ಟು ತೊಟ್ಟೆ, ನೂರು ಟನ್ ಸಾಮಾನು ಹೊತ್ತುಕೊಂಡು ಹಾರಿದೆ. ಅತ್ತಿದ್ದು ಆರು ದಿನ ಕಳೆದು ನಂಜನಗೂಡಿಗೆ ಬಂದ ಮೇಲೆ, ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ. ಅಮ್ಮ ಬಂದು ನೋಡಿ, ನಲ್ಲಿ ನಿಲ್ಲಿಸಿ ಒಳಗೆ ಹೋದರು.

ನಾನು ನಂಜನಗೂಡಿನ ದೇವಸ್ಥಾನದ ಹತ್ತಿರದ ಬೀದಿಯವಳು, ಗಣಿತದ ಮೇಷ್ಟ್ರ ಮಗಳು. ಅವರು ಸೋಸಲೆಯ ಬೇಸಾಯದ ಮನೆಯವರು. ನಮ್ಮಿಬ್ಬರ ಊರಿನ ನಡುವೆ, ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸುವುದೂ ಸೇರಿ, ಒಂದೂವರೆ ಗಂಟೆಯ ದಾರಿ. ಆದರೆ ಪರಿಚಯವಾಗಿದ್ದು ಮರುಭೂಮಿಯ ಅಂಚಿನ ವಿಮಾನ ನಿಲ್ದಾಣದಲ್ಲಿ. ಕಂಪನಿಯಲ್ಲಿ ಯಾವ ಯಾವ ದೇಶದ ಪೈಲಟ್‌ಗಳೋ ಇದ್ದರು, ಕನ್ನಡದವರು ನಾವಿಬ್ಬರೇ. ನಾನು ಹೊಸದಾಗಿ ಸೇರಿದ ಸಹಪೈಲಟ್, ಅವರು ಅಲ್ಲಿ ಹಿರಿಯ ಕ್ಯಾಪ್ಟನ್. ಹಾರಾಟದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ ಕುಳ್ಳು ಕಪ್ಪು ಮನುಷ್ಯ ನನ್ನ ಹೆಸರು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಯಾವೂರವ್ವ?" ಅಂದರು. ನಂಜನಗೂಡು ಅಂದೆ. "ನಮ್ಮೂರ್ ಸೋಸ್ಲೆ. ಬಾ, ಕೂತ್ಕ. ಇವತ್ತು ಕುದ್ರೆ ತಕ್ಕಂಡ್ ಓಗ್ಬೇಕು," ಅಂದರು. ಮೈಸೂರಿಗೆ ಸಂತೆಗೆ ಹೊರಟವರ ಹಾಗೆ.

ಕುದುರೆ ಸಾಗಿಸುವುದರಲ್ಲಿ ಅವರು ಎತ್ತಿದ ಕೈ. ಪಂದ್ಯದ ಕುದುರೆಗಳನ್ನು ಮರದ ಗೂಡುಗಳಲ್ಲಿ ನಿಲ್ಲಿಸಿಕೊಂಡು, ನೋಡಿಕೊಳ್ಳುವವರ ಜೊತೆ, ಸಮುದ್ರ ದಾಟಿಸಬೇಕು. ಹತ್ತು ಗಂಟೆಯ ಹಾರಾಟವಾದರೂ ಅವು ನಿಂತೇ ಇರುತ್ತವೆ. ವಿಮಾನ ಏಳುವಾಗ, ತಿರುಗುವಾಗ, ಇಳಿದು ಬ್ರೇಕು ಹಾಕುವಾಗ ಅವರ ಕೈ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆದುವಾಗುತ್ತಿತ್ತು. "ಹಿಂದ್ಗಡೆ ನಿಂತವ್ನೆ ನೋಡು, ಅವುನ್ಗೆ ಬೆಲ್ಟ್ ಇಲ್ಲ. ಅವುನ್ಗೆ ಅನೌನ್ಸ್‌ಮೆಂಟೂ ಮಾಡಂಗಿಲ್ಲ," ಅನ್ನುತ್ತಿದ್ದರು. ಇಳಿದ ಮೇಲೆ ಏಣಿ ಇಳಿದು ಹೋಗಿ ಒಂದೊಂದು ಕುದುರೆಯ ಮೂಗನ್ನೂ ತಡವಿ ಬರುತ್ತಿದ್ದರು. ಸಮವಸ್ತ್ರಕ್ಕೆಲ್ಲ ಜೊಲ್ಲು. ಹೋಟೆಲಿನ ಹುಡುಗಿಯರು ಮೂಗು ಮುಚ್ಚಿಕೊಂಡೇ ಅವರಿಗೆ ಬೀಗದ ಕೈ ಕೊಡುತ್ತಿದ್ದರು.

ಊರಿನಲ್ಲಿ ತಾವು ವಿಮಾನ ಹಾರಿಸುವುದಾಗಿ ಅವರು ಯಾವತ್ತೂ ಜಂಬ ಕೊಚ್ಚಿದವರಲ್ಲ. ಕೇಳಿದವರಿಗೆ "ಲಾರಿ ಕಣಪ್ಪ, ರೆಕ್ಕೆ ಐತೆ ಅಷ್ಟೆ," ಅನ್ನುವುದು. ಅವರ ತಾಯಿ ಬದುಕಿದ್ದಾಗ ಇದನ್ನು ನಿಜವೆಂದೇ ನಂಬಿದ್ದರಂತೆ. ಜನರನ್ನು ಕೂರಿಸಿಕೊಳ್ಳುವುದಿಲ್ಲ, ಬರೀ ಸಾಮಾನು ಎಂದು ತಿಳಿದ ಮೇಲೆ ಆ ತಾಯಿಗೆ ದೊಡ್ಡ ಸಮಾಧಾನ. "ಅಂಗಾರೆ ಒಳ್ಳೇದಾಯ್ತು ಬುಡ್ಲಾ. ಬಿದ್ರೆ ನೀನೊಬ್ನೇ. ಪಾಪ ಬರಕಿಲ್ಲ," ಅಂದರಂತೆ. ಇದನ್ನು ಹೇಳಿ ಅವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಕ್ಕು ಮುಗಿಸಿದ ಮೇಲೆ ಪ್ರತಿ ಸಲವೂ ಒಂದು ಮಾತು ಸೇರಿಸುವರು, "ಪಕ್ಕದಲ್ಲಿ ಇನ್ನೊಬ್ರು ಕೂತಿರ್ತಾರೆ ಅಂತ ಅವ್ವುಂಗೆ ನಾನು ಯೋಳ್ನೇ ಇಲ್ಲ."

ಪಕ್ಕದಲ್ಲಿ ಕೂರುವವರ ವಿಚಾರ ಅವರಿಗೆ ಬಹಳ ದೊಡ್ಡದು. ಸರಕು ವಿಮಾನದಲ್ಲಿ ಗಗನಸಖಿಯರಿಲ್ಲ, ಪ್ರಯಾಣಿಕರಿಲ್ಲ. ಕುದುರೆಗಳಿಲ್ಲದ ದಿನ ಮೇಲಿನ ಗೂಡಿನಂಥ ಕೋಣೆಯಲ್ಲಿ ಇಬ್ಬರು, ಹಿಂದೆ ನೂರು ಟನ್ ಹೊರೆ. ಊಟವನ್ನು ನಾವೇ ಸಣ್ಣ ಒಲೆಯಲ್ಲಿ ಬಿಸಿ ಮಾಡಿಕೊಳ್ಳಬೇಕು, ಕಾಫಿ ನಾವೇ ಬೆರೆಸಿಕೊಳ್ಳಬೇಕು. ಅವರ ಚೀಲದಲ್ಲಿ ಯಾವಾಗಲೂ ರಾಗಿ ಹುರಿಹಿಟ್ಟಿನ ಡಬ್ಬಿ. ಬಿಸಿನೀರು, ಬೆಲ್ಲದ ಪುಡಿ ಹಾಕಿ ಕಲಸಿ, ಎರಡು ಉಂಡೆ ಮಾಡಿ, ಒಂದನ್ನು ನನ್ನ ಕಡೆ ನೀಡುತ್ತಿದ್ದರು. ಇಬ್ಬರು ಪೈಲಟ್‌ಗಳು ಒಂದೇ ಊಟ ಮಾಡಬಾರದೆಂಬ ನಿಯಮವಿದೆ, ಕೆಟ್ಟದ್ದಾದರೆ ಇಬ್ಬರೂ ಒಟ್ಟಿಗೆ ಮಲಗಬಾರದಲ್ಲ. ನೆನಪಿಸಿದರೆ, "ರಾಗಿ ತಿಂದು ಮನಿಕಂಡೋರ್ನ ನಾನ್ ಕಂಡಿಲ್ಲ," ಅನ್ನುವರು. ಅದೊಂದನ್ನು ಬಿಟ್ಟರೆ ಅವರು ಮುರಿದ ನಿಯಮ ನನಗೆ ನೆನಪಿಲ್ಲ.

ನಿಜ ಹೇಳಬೇಕೆಂದರೆ ನಿಯಮಗಳ ವಿಷಯದಲ್ಲಿ ಅವರು ಕಿರಿಕಿರಿ ಅನ್ನಿಸುವಷ್ಟು ಗಟ್ಟಿ. ಯಾವ ಗುಂಡಿಯನ್ನೂ ಸುಮ್ಮನೆ ಒತ್ತುವವರಲ್ಲ. ಬೆರಳು ಇಟ್ಟು, ಒಂದು ಕ್ಷಣ ನೋಡಿ, ಬಾಯಲ್ಲಿ ಅದರ ಹೆಸರು ಹೇಳಿ, ಆಮೇಲೆ ಒತ್ತುವುದು. ಒಮ್ಮೆ ವಿಮಾನವನ್ನು ಸ್ವಲ್ಪ ಧಡ್ ಎಂದು ಇಳಿಸಿದರು. ನನಗೂ ಸೇರಿ ಯಾರಿಗೂ ಅದು ದೊಡ್ಡ ವಿಷಯವೆನ್ನಿಸಲಿಲ್ಲ. ಅವರು ಹೋಟೆಲಿಗೂ ಹೋಗದೆ ಕೂತು ತಮ್ಮ ಮೇಲೆ ತಾವೇ ಒಂದೂವರೆ ಪುಟ ರಿಪೋರ್ಟ್ ಬರೆದು ಕಳಿಸಿದರು. ಉಳಿದ ಕ್ಯಾಪ್ಟನ್‌ಗಳು ಅವರನ್ನು "ಗುಮಾಸ್ತ" ಎಂದು ಹಾಸ್ಯ ಮಾಡುತ್ತಿದ್ದುದು ಅವರಿಗೂ ಗೊತ್ತಿತ್ತು. "ನಾನ್ ಬರ್ದ್ರೆ ನಾಳೆ ಇನ್ನೊಬ್ಬ ಓದ್ತಾನೆ. ಅವ್ನು ಮೆತ್ಗೆ ಇಳ್ಸ್ತಾನೆ. ಇದ್ರಾಗೆ ನಾಚ್ಕೆ ಏನ್ ಬಂತು?" ಎಂದು ನನಗೆ ಹೇಳಿದ್ದರು.

ನನಗಾಗಿಯೇ ಅವರು ಮಾಡಿದ ನಿಯಮವೊಂದಿತ್ತು. ಮೊದಲ ತಿಂಗಳಿನ ಮಾತು. ಇಳಿಯುತ್ತಿದ್ದೆವು. ಹತ್ತು ಸಾವಿರ ಅಡಿಗಿಂತ ಕೆಳಗೆ ಇಂತಿಷ್ಟೇ ವೇಗವೆಂದು ಮಿತಿಯಿದೆ. ಅವರು ರೇಡಿಯೋದ ಮಾತಿಗೆ ಕಿವಿಗೊಟ್ಟು ವೇಗ ತಗ್ಗಿಸುವುದನ್ನು ಮರೆತಿದ್ದರು. ಅಲ್ಲಿಯವರೆಗೆ ನಾವು ಊರಿನ ಸುದ್ದಿ ಆಡುತ್ತ ಬಂದಿದ್ದೆವು. ನನ್ನ ಬಾಯಿಂದ ಅದೇ ರಾಗದಲ್ಲಿ, "ಸಾರ್, ತಪ್ಪು ತಿಳ್ಕೋಬೇಡಿ, ನೀವು ನೋಡೇ ಇರ್ತೀರಿ, ಆದ್ರೂ ವೇಗ ಒಂದ್ಸ್ವಲ್ಪ ಜಾಸ್ತಿ ಇದೆಯೇನೋ ಅನ್ನಿಸ್ತು..." ಎಂಬ ಮಾತು ಹೊರಟಿತು. ಅದು ಮುಗಿಯುವ ಹೊತ್ತಿಗೆ ಮಿತಿ ದಾಟಿ ಎಷ್ಟೋ ಹೊತ್ತಾಗಿತ್ತು.

ಇಳಿದ ಮೇಲೆ ಅವರು ಬಯ್ಯಲಿಲ್ಲ. "ಅಲ್ಲಾ ಕಣ್ ಕೂಸು," ಅಂದರು, "ನೀನು ಆ ಮಾತ್ನ ಯೋಳಿ ಮುಗ್ಸೋ ಒತ್ಗೆ ನಾವು ಇಳ್ದು, ಸಾಮಾನ್ ಇಳ್ಸಿ, ಮನೆಗ್ ಓಗಿ ಮುದ್ದೆ ಉಂಡು ಮನಿಕಬೋದಾಗಿತ್ತು."

ನಾನು ತಲೆ ತಗ್ಗಿಸಿದೆ.

"ನಿಂದಲ್ಲ ತಪ್ಪು. ಕನ್ನಡ್ದಾಗೆ ನಾನು ನಿಂಗೆ ದೊಡ್ಡೋನು. ನಿಮ್ಮಪ್ಪನ ವಯಸ್ಸು. ನೀನು ಎದುರಾಡಕಿಲ್ಲ. ಅದೇ ಇಂಗ್ಲಿಷ್ನಾಗೆ ನಾನು ಬರೀ ಎಡಗಡೆ ಸೀಟು. ಸೀಟ್ಗೆ ಯಾವ ಮರ್ವಾದೆ? ಇವತ್ನಿಂದ ಹತ್ತು ಸಾವ್ರದ್ ಕೆಳ್ಗೆ ನನ್ ತಾವ ಕನ್ನಡ ಆಡ್ಬ್ಯಾಡ. ತಪ್ ಕಂಡ್ರೆ ಒಂದೇ ಮಾತು. 'ಸ್ಪೀಡ್' ಅನ್ನು, ಸಾಕು. ಎರಡ್ ಸಲ ಕೂಗು. ಎರಡಕ್ಕೂ ನಾನ್ ಬಾಯ್ ಬುಡ್ನಿಲ್ಲ ಅಂದ್ರೆ ನಾನಿಲ್ಲ ಅಂತ್ಲೇ ತಿಳ್ಕ. ವಿಮಾನ ಕಿತ್ಕ."

ಎರಡು ಸಲ ಕೂಗುವುದು, ಉತ್ತರ ಬಾರದಿದ್ದರೆ ಹಿಡಿತ ತೆಗೆದುಕೊಳ್ಳುವುದು ಎಲ್ಲ ಪೈಲಟ್‌ಗಳೂ ಕಲಿಯುವ ಪಾಠವೇ. ಆದರೆ ನಮ್ಮ ಕಡೆಯ ಹುಡುಗಿಯೊಬ್ಬಳಿಗೆ ಅದು ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಸರಿಯಾಗಿ ಕಂಡವರು ಅವರೊಬ್ಬರೇ. ಐದು ವರ್ಷ ನಾವು ಹಾಗೆಯೇ ಹಾರಿದೆವು. ಮೇಲೆ ಇರುವಾಗ ಸೋಸಲೆಯ ನಾಲೆ, ಭತ್ತದ ಸಸಿಯ ಒಟ್ಲು, ಅವರ ಹೆಂಡತಿ ಕಳಿಸಿದ ನಾಟಿಯ ಫೋಟೋ, ಮಠದ ಹಿಂದಿನ ಹೊಳೆಯಲ್ಲಿ ಈಜು ಕಲಿತ ಕಥೆ. ಕೆಳಗಿಳಿಯಲು ಶುರುವಾದೊಡನೆ ಇಬ್ಬರೂ ಪರಕೀಯರು. ಅವರ ಇಂಗ್ಲಿಷ್ ಕೇಳಿದರೆ ರಾಗಿ ಉಂಡೆಯ ಮನುಷ್ಯ ಇವರೇನಾ ಎಂದು ಅನುಮಾನ ಬರಬೇಕು, ಅಷ್ಟು ಚೊಕ್ಕ.

ವಯಸ್ಸು ಅರವತ್ತೈದಾದರೆ ಪೈಲಟ್ ಸೀಟು ಬಿಡಬೇಕು. ಅವರಿಗೆ ಇನ್ನು ಹನ್ನೊಂದು ತಿಂಗಳು ಉಳಿದಿತ್ತು. ಬೀಳ್ಕೊಡುಗೆ, ಹಾರ ಏನೂ ಬೇಡ ಅನ್ನುತ್ತಿದ್ದರು. "ಕಡೇ ದಿನ ನಾನೇ ಇಳ್ಸಿ, ನಾನೇ ಇಂಜಿನ್ ಆರ್ಸಿ, ಏಣಿ ಇಳ್ದು ಬರ್ಬೇಕು. ನನ್ ಕೈನಾಗೆ ಸುರುವಾಗಿದ್ದು ನನ್ ಕೈನಾಗೆ ಮುಗೀಬೇಕು. ಅಷ್ಟೇ ಕಣ್ ಕೂಸು ಆಸೆ." ಆ ದಿನ ಬಲಗಡೆಯ ಸೀಟಿನಲ್ಲಿ ನಾನೇ ಇರಬೇಕೆಂದು ಕಂಪನಿಗೆ ಮೊದಲೇ ಬರೆದೂ ಇಟ್ಟಿದ್ದರು. ನಾನು ಅದಕ್ಕೆಂದೇ ಮೈಸೂರಿನಲ್ಲಿ ಅವರಿಗೊಂದು ರೇಷ್ಮೆ ಶಲ್ಯ ಕೊಂಡಿಟ್ಟಿದ್ದೆ, ಬಯ್ದರೆ ಬಯ್ಯಲಿ ಎಂದು.

ಆದರೆ ಆ ದಿನ ಬರುವ ಮೊದಲೇ ಇನ್ನೊಂದು ಬೆಳಿಗ್ಗೆ ಬಂತು. ಆಕಾಶ ನಿರ್ಮಲವಾಗಿತ್ತು. ಕೊಲ್ಲಿಯಿಂದ ಯೂರೋಪಿಗೆ ಏಳು ಗಂಟೆಯ ಹಾರಾಟ, ನಾವಿಬ್ಬರೇ. ಹಾರಿಸುತ್ತಿದ್ದವರು ಅವರು. ನಾಲ್ಕು ಸಾವಿರ ಅಡಿಯಲ್ಲಿದ್ದಾಗ ರನ್‌ವೇ ಕಡೆಗೆ ತಿರುಗಲು ಕೆಳಗಿನ ನಿಯಂತ್ರಣ ಕೇಂದ್ರದಿಂದ ಸೂಚನೆ ಬಂತು. ನಾನು ಅದನ್ನು ರೇಡಿಯೋದಲ್ಲಿ ಒಪ್ಪಿ ಹೇಳಿದೆ. ಅವರು ತಿರುಗಿಸಲಿಲ್ಲ. ಕೈ ಗುಂಡಿಯ ಮೇಲೇ ಇತ್ತು. ಕಣ್ಣು ತೆರೆದೇ ಇತ್ತು, ನೇರ ಮುಂದೆ ನೋಡುತ್ತಿತ್ತು. ನಾನು ದಿಕ್ಕಿನ ಸಂಖ್ಯೆ ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಇಲ್ಲ.

ಆಗ ನಾನು ಆಡಬೇಕಿದ್ದದ್ದು ಇಂಗ್ಲಿಷಿನ ಮೂರು ಪದ, ವಿಮಾನ ನನ್ನ ಹಿಡಿತದಲ್ಲಿದೆ ಎಂದು. ಆಡಲಿಲ್ಲ. ಅವರ ಭುಜದ ಮೇಲೆ ಕೈಯಿಟ್ಟು, "ಸಾರ್? ಏನಾಯ್ತು ಸಾರ್? ಹುಷಾರಿದ್ದೀರಾ?" ಅಂದೆ. ಹಿಂದೊಮ್ಮೆ ನಮ್ಮಪ್ಪ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಬೆವರಿದಾಗ ಅಂದ ಹಾಗೆ. ವಿಮಾನ ತನ್ನ ಪಾಡಿಗೆ ತಪ್ಪು ದಿಕ್ಕಿನಲ್ಲಿ ಹೋಗುತ್ತಿತ್ತು. ಮುಂದೆ ಗುಡ್ಡಗಳಿದ್ದವು, ಬೇರೆ ವಿಮಾನಗಳಿದ್ದವು. ಕೆಳಗಿನವರು ಎರಡನೆಯ ಸಲ ಜೋರಾಗಿ ಕೇಳಿದ ಮೇಲಷ್ಟೇ ನನಗೆ ಎಚ್ಚರವಾಗಿದ್ದು. ಹಿಡಿತ ತೆಗೆದುಕೊಂಡೆ, ತಿರುಗಿಸಿದೆ. ಅಷ್ಟರಲ್ಲಿ ಹತ್ತು ಹನ್ನೆರಡು ಸೆಕೆಂಡು ಕಳೆದಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಅವರು ಕಣ್ಣು ಮಿಟುಕಿಸಿ, ನನ್ನ ಕೈ ನೋಡಿ, ತಮ್ಮ ಕೈ ನೋಡಿಕೊಂಡು, ಮೆಲ್ಲಗೆ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡರು. ನಾನೇ ಇಳಿಸಿದೆ.

ಹೋಟೆಲಿಗೆ ಹೋಗುವ ವ್ಯಾನಿನಲ್ಲಿ ಅವರು ಕಿಟಕಿಯ ಕಡೆ ತಿರುಗಿಕೊಂಡೇ, "ನೀನೇನ್ ಬರೀಬೇಕೋ ಬರಿ," ಅಂದರು. ಇಂಥ ಘಟನೆಯನ್ನು ಮೂರು ದಿನದೊಳಗೆ ಬರೆದು ಕಳಿಸಬೇಕು. ಅವತ್ತೇ ರಾತ್ರಿ ಅವರು ಮೈಗೆ ಹುಷಾರಿಲ್ಲವೆಂದು ಕಂಪನಿಗೆ ಹೇಳಿ, ವಿಮಾನ ಮುಟ್ಟದೆ, ಪ್ರಯಾಣಿಕರಾಗಿ ಊರಿಗೆ ಹೊರಟುಹೋದರು.

ನಾನು ಬರೆಯಲು ಕೂತೆ. ಬರೆದೆ, ಅಳಿಸಿದೆ. ಬರೆದರೆ ಮಾರನೆಯ ದಿನವೇ ಅವರ ಲೈಸೆನ್ಸ್ ಹೋಗುತ್ತದೆ. ತಲೆಯ ಒಳಗಿನ ತೊಂದರೆಗೆ ಯಾವ ವೈದ್ಯನೂ ಮತ್ತೆ ಹಾರಲು ಬಿಡುವುದಿಲ್ಲ. ಆ ಕಡೇ ದಿನ, ಆ ಏಣಿ, ಎಲ್ಲ ನನ್ನ ಬೆರಳಿನಿಂದ ಮುಗಿದುಹೋಗುತ್ತದೆ. ಅವರ ಮನೆಯಲ್ಲಿ ಎಷ್ಟು ಸಲ ಉಂಡಿಲ್ಲ ನಾನು? ಅವರು ಹೇಗೂ ರಜೆಯಲ್ಲಿದ್ದಾರೆ, ಡಾಕ್ಟರಿಗೆ ತೋರಿಸಿಕೊಳ್ಳುತ್ತಾರೆ, ಬರೆಯಬೇಕೆನ್ನಿಸಿದರೆ ಅವರೇ ಬರೆದುಕೊಳ್ಳುತ್ತಾರೆ, ತಮ್ಮ ಮೇಲೆ ತಾವು ಬರೆದುಕೊಳ್ಳುವುದರಲ್ಲಿ ಅವರಿಗಿಂತ ಯಾರು? ಹೀಗೆ ಒಂದಾದ ಮೇಲೊಂದು ನೆಪ ಜೋಡಿಸಿಕೊಂಡೆ. ಅದಕ್ಕೆ ದೊಡ್ಡವರ ಮೇಲಿನ ಗೌರವ ಎಂದು ಹೆಸರಿಟ್ಟೆ. ಮೂರು ದಿನ ಕಳೆಯಿತು. ನಾನು ಕಳಿಸಲಿಲ್ಲ.

ನಾಲ್ಕನೆಯ ದಿನ ಕಚೇರಿಯಿಂದ ಕರೆ ಬಂತು. ಅವರ ರಿಪೋರ್ಟ್ ಬಂದಿತ್ತು, ಗಡುವಿನ ಕಡೇ ಗಂಟೆಯಲ್ಲಿ. ಅಧಿಕಾರಿ ನನ್ನೆದುರೇ ಓದಿದರು. ಎಲ್ಲವೂ ಇತ್ತು. ತಾವು ಎಚ್ಚರ ತಪ್ಪಿದ್ದು, ನಾನು ಎರಡು ಸಲ ಕೂಗಿದ್ದು, ಆಮೇಲೆ ಹಿಡಿತ ತೆಗೆದುಕೊಳ್ಳದೆ ಭುಜ ಹಿಡಿದು ಮಾತಾಡಿಸಿದ್ದು. ಅಷ್ಟರ ನೆನಪು ಅವರಿಗೆ ಹೇಗೆ ಉಳಿಯಿತೋ, ಕೊನೆಯ ಕೆಲವು ಕ್ಷಣಗಳಾದರೂ ನನ್ನ ದನಿ ಅವರಿಗೆ ಕೇಳಿಸಿರಬೇಕು. ಕೊನೆಯಲ್ಲಿ ಹೀಗಿತ್ತು: ಸಹಪೈಲಟ್ ಇದುವರೆಗೆ ಬರೆದಿಲ್ಲವೆಂದು ತಿಳಿಯುತ್ತೇನೆ, ಅವಳಿಗೆ ನಾನು ಎಲ್ಲ ಕಲಿಸಿದೆ, ನನ್ನ ಮೇಲೆ ಬರೆಯುವುದನ್ನು ಕಲಿಸಲಾಗಲಿಲ್ಲ, ಆ ತಪ್ಪು ನನ್ನದು.

ತಪ್ಪು ತಮ್ಮದೆಂದು ಅವರು ಬರೆದರೂ ಶಿಕ್ಷೆ ನನಗೂ ತಪ್ಪಲಿಲ್ಲ. ಎರಡು ತಿಂಗಳು ಹಾರಾಟ ಬಂದ್, ಮತ್ತೆ ತರಬೇತಿ. ಕೈಗೆ ಬಂದಿದ್ದ ಕ್ಯಾಪ್ಟನ್ ಬಡ್ತಿ ಒಂದು ವರ್ಷ ಮುಂದೆ ಹೋಯಿತು. ನನಗೆ ಉರಿದುಹೋಯಿತು. ಅವರಿಗಾಗಿ ನಾನು ಬಾಯಿ ಮುಚ್ಚಿಕೊಂಡರೆ, ತಾವು ಮುಳುಗುವಾಗ ನನ್ನ ಜುಟ್ಟನ್ನೂ ಹಿಡಿದು ಎಳೆದರಲ್ಲ ಅನ್ನಿಸಿತು. ಅವರು ಮೂರು ಸಲ ಫೋನ್ ಮಾಡಿದರು. ಎರಡು ಸಲ ಕತ್ತರಿಸಿದೆ. ಮೂರನೆಯ ಸಲ ಅದು ಬಡಿದುಕೊಂಡು ತಾನಾಗಿಯೇ ನಿಲ್ಲುವವರೆಗೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತ ಕೂತಿದ್ದೆ. ನಾಲ್ಕನೆಯ ಕರೆ ಬರಲಿಲ್ಲ.

ಅವರ ತಲೆಯಲ್ಲಿ ಗಡ್ಡೆ ಇದೆ, ಮೈಸೂರಿನಲ್ಲಿ ಆಪರೇಷನ್ ಆಯಿತು ಎಂಬುದು ಕಂಪನಿಯ ಯಾರೋ ಹೇಳಿ ತಿಳಿಯಿತು. ಆಗಲೂ ಹೋಗಲಿಲ್ಲ. ರಜೆಗೆ ನಂಜನಗೂಡಿಗೆ ಬಂದಾಗ ನರಸೀಪುರದ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಕೋಪ ಯಾವಾಗಲೋ ಆರಿತ್ತು, ಉಳಿದಿದ್ದು ನಾಚಿಕೆ. ಕೋಪವಾದರೆ ಹೇಗೋ ಮಾತು ಶುರುಮಾಡಿಸುತ್ತದೆ, ನಾಚಿಕೆ ಬಾಗಿಲು ತಟ್ಟಲೂ ಬಿಡುವುದಿಲ್ಲ. ಬಡ್ತಿ ಬಂದು ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಅವರಿಗೆ ತಿಳಿಸಲಿಲ್ಲ.

ಒಂದೂವರೆ ವರ್ಷವಾದ ಮೇಲೆ ಅವರ ಹೆಂಡತಿಯೇ ಫೋನ್ ಮಾಡಿದರು. "ನಾಕ್ ದಿಸ ಐತೋ, ಎಂಟ್ ದಿಸ ಐತೋ. ಬಂದ್ ಓಗು ಕೂಸು," ಎಂದು ಇಟ್ಟುಬಿಟ್ಟರು. ನಾನು ರಜೆಯಲ್ಲಿ ಊರಿನಲ್ಲೇ ಇದ್ದೆ, ಮರುದಿನ ಬೆಳಿಗ್ಗೆ ಹೊರಟೆ. ನರಸೀಪುರದಲ್ಲಿ ಇಳಿದು ಹಣ್ಣು ಕೊಂಡು, ಸೋಸಲೆಯ ಬಸ್ಸು ಹತ್ತಿದೆ.

ಅವರ ಹೆಂಡತಿ ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋದರು. ನರಸೀಪುರದಲ್ಲಿ ಟೀಚರಾಗಿರುವ ಮಗಳು ಸ್ಕೂಲಿಗೆ ಹೋಗಿದ್ದಳು. ಹೆಂಡತಿ ಹತ್ತಿರದ ಹೆಮ್ಮಿಗೆ ಊರಿನ ಹೆಣ್ಣುಮಗಳು, ಗಂಡನಿಗಿಂತ ಒಂದು ಗೇಣು ಎತ್ತರ, ಮಾತು ಕಡಿಮೆ. ಅನ್ನವನ್ನು ಸಾರಿನಲ್ಲಿ ಮೆತ್ತಗೆ ಕಿವುಚುತ್ತ ನಿಂತಿದ್ದರು.

"ನೀನ್ ಕ್ಯಾಪ್ಟನ್ ಆದೆ ಅಂತ ಯಾರೋ ಯೋಳುದ್ರು. ಆಗಿನ್ನೂ ಓಡಾಡ್ಕಂಡಿದ್ರು. ಮನೆಮನೆಗೂ ಓಗಿ ಯೋಳ್ಕಂಡ್ ಬಂದ್ರು," ಅಂದರು.

ತಂದ ಹಣ್ಣನ್ನು ಕಟ್ಟೆಯ ಮೇಲಿಟ್ಟು, "ಅಮ್ಮ, ನಾನು ಅವರಿಗಾಗಿಯೇ ಬರೆಯಲಿಲ್ಲ. ಅವರ ಕೆಲಸ ಉಳೀಲಿ ಅಂತ," ಅಂದೆ. ಒಂದೂವರೆ ವರ್ಷ ನನಗೆ ನಾನೇ ಹೇಳಿಕೊಂಡು ಸವೆಸಿದ ಮಾತು.

ಅವರು ಕೈ ನಿಲ್ಲಿಸಿದರು. "ಗೊತ್ತು ಕೂಸು. ನಿನ್ ಮನ್ಸು ನಂಗ್ ಗೊತ್ತು. ಆದ್ರೆ ಅವ್ರು ಆ ಮೂರ್ ದಿಸ ಹೆಂಗಿದ್ರು ಅಂತ ನಿಂಗ್ ಗೊತ್ತಿಲ್ಲ. ಕಂಪ್ಯೂಟ್ರು ಮುಂದೆ ಇಟ್ಕಂಡ್ ಕೂತ್ಬುಟ್ರು. ಉಣ್ನಿಲ್ಲ. ಬರೀಬೇಕು ಅಂತ ಕೈ ಇಟ್ರೆ ಬೆರಳು ಆಡಾಕಿಲ್ಲ ಅಂತಿತ್ತು. ಬರ್ದ್ರೆ ತಾನಿನ್ನು ಹಾರಂಗಿಲ್ವಲ್ಲ. ನಲವತ್ ವರ್ಸ ಎಲ್ಲಾನೂ ಬರ್ದೋರು, ಇದೊಂದ್ನ ಬರಿಯಾಕ್ ಆಗ್ನಿಲ್ಲ. 'ಅವ್ಳು ಬರೀತಾಳೆ ಕಣೆ, ನಾನೇ ಕಲ್ಸಿರೋಳು, ಬರ್ದೇ ಬರೀತಾಳೆ, ಅವ್ಳು ಬರ್ದ್ರೆ ನಾನ್ ಬರಿಯಂಗಿಲ್ಲ' ಅಂತ ಬೆಳಗಾನ ಬೈಗಾನ ಅದೇ ಮಾತು. ಒತ್ತಾರೆ ಎದ್ದು ಕಂಪ್ನಿಯಿಂದ ಫೋನ್ ಬಂತಾ ಅನ್ನೋರು. ಮೂರ್ನೇ ದಿಸ ಬೈಗಿನ್ ಗಂಟ ನೋಡುದ್ರು. ಆಮೇಕೆ ಎದ್ದು, ಕೈಕಾಲ್ ತೊಳ್ಕಂಡ್ ಬಂದು, ಬರುದ್ರು."

ಗೋಡೆಗೆ ಒರಗಿ ನಿಂತೆ. ಅವರಿಗೆ ನಾನು ಮಾಡಿದ ಉಪಕಾರ ಇದು. ಯಾರಾದರೂ ತಮ್ಮ ಕೈಯಿಂದ ಹಾರಾಟವನ್ನು ಕಿತ್ತುಕೊಳ್ಳಲಿ ಎಂದು ಕಾದಿದ್ದ ಮನುಷ್ಯನ ಕೈಯಲ್ಲೇ ಅದನ್ನು ಬಿಟ್ಟು, ನೀವೇ ಮುಗಿಸಿಕೊಳ್ಳಿ ಅಂದಿದ್ದೆ. ಫೋನ್ ಮಾಡಿದ್ದು ನನ್ನನ್ನು ಬಯ್ಯಲೆಂದೋ, ಸಮಾಧಾನ ಹೇಳಲೆಂದೋ, ಅಥವಾ ತಮಗೇ ಒಂದು ಸಮಾಧಾನ ಬೇಕಾಗಿತ್ತೋ, ಅದು ಇನ್ನು ನನಗೆ ತಿಳಿಯುವಂತಿಲ್ಲ. ಯಾರ ಮೇಲೂ ಅಷ್ಟು ಸಿಟ್ಟು ನನಗೆ ಬಂದಿರಲಿಲ್ಲ, ಆ ಅಡುಗೆಮನೆಯಲ್ಲಿ ನನ್ನ ಮೇಲೆ ಬಂದಷ್ಟು.

"ಈಗ ಅವ್ರಿಗೆ ಇವತ್ತು ನಿನ್ನೆ ತಿಳಿಯಾಕಿಲ್ಲ," ಎಂದು ಅವರು ತಟ್ಟೆ ಎತ್ತಿಕೊಂಡರು. "ಆ ಮೂರ್ ದಿಸ್ದಲ್ಲೇ ನಿಂತ್ಬುಟ್ಟವ್ರೆ. ಆಲಿನೋಳ್ ಬಂದ್ರೂ 'ಅವ್ಳು ಬರುದ್ಲಾ' ಅಂತ ಕೇಳ್ತಾರೆ, ನರ್ಸ್ ಬಂದ್ರೂ ಕೇಳ್ತಾರೆ. ಬರೀತಾಳೆ ಬುಡಿ, ಬರೀತಾಳೆ ಅಂತೀನಿ. ಅಷ್ಟ್ ಬುಟ್ಟು ನಾನೇನ್ ಅನ್ಲಿ? ಮೂರ್ ದಿಸ ಆಯ್ತು, ನೀರ್ ಬುಟ್ಟು ಏನೂ ಇಳೀತಿಲ್ಲ."

ಹಜಾರದ ಮಂಚದ ಮೇಲೆ ಅವರಿದ್ದರು. ತಲೆ ಬೋಳಾಗಿತ್ತು, ಕಿವಿಯ ಮೇಲೆ ಹೊಲಿಗೆಯ ಗುರುತು. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಅವರ ಕಾಲಿನವರೆಗೆ ಬಂದಿತ್ತು. ದಪ್ಪ ಬೆರಳುಗಳು ಹೊದಿಕೆಯ ಅಂಚನ್ನು ಮುಟ್ಟುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಮುಟ್ಟುತ್ತಿದ್ದವು. ಹೆಂಡತಿ ತುತ್ತು ತಂದರೆ ಅವರು ತುಟಿ ಬಿಗಿದುಕೊಂಡು ಮುಖ ಆಚೆ ತಿರುಗಿಸಿದರು. ಆಗ ನಾನು ಅವರ ಕಣ್ಣಿಗೆ ಬಿದ್ದೆ.

ಬಹಳ ಹೊತ್ತು ನೋಡಿದರು. "ಕೂಸು," ಅಂದರು.

"ಹೌದು ಸಾರ್. ನಾನೇ."

"ಬರುದ್ಯಾ?"

ಅವರ ಹೆಂಡತಿ ತಟ್ಟೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ಗಟ್ಟಿಯಾಗಿಯೇ ಹೇಳಿದೆ.

"ಬರೆದೆ ಸಾರ್."

"ಯಾವಾಗ?"

"ಅವತ್ತೇ. ಹೋಟೆಲಿಗೆ ಹೋದ ತಕ್ಷಣ. ಶೂ ಕೂಡ ಬಿಚ್ಚಿರಲಿಲ್ಲ."

"ಎಲ್ಲಾನೂ? ನಾನು ಕಣ್ ಬುಟ್ಕಂಡೇ ಇಲ್ದಂಗಾಗಿದ್ದು?"

"ಎಲ್ಲಾನೂ ಬರೆದೆ. ಒಂದೂ ಬಿಟ್ಟಿಲ್ಲ."

ಅವರ ಎದೆಯಿಂದ ದೊಡ್ಡದೊಂದು ಉಸಿರು ಹೊರಬಂತು. ಹೊದಿಕೆಯ ಅಂಚಿನ ಮೇಲಿದ್ದ ಬೆರಳುಗಳು ಸಡಿಲವಾದವು.

"ಅಂಗಾರೆ ನಾನ್ ಬರಿಯಂಗಿಲ್ಲ," ಅಂದರು.

"ಇಲ್ಲ ಸಾರ್. ನೀವು ಬರೆಯೋದು ಏನೂ ಉಳಿದಿಲ್ಲ."

ಅವರ ಹೆಂಡತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಮಂಚದ ಅಂಚಿನಲ್ಲಿ ಕೂತು ತುತ್ತು ಮಾಡಿದೆ. ಅವರು ಬಾಯಿ ತೆರೆದರು. ನಿಧಾನವಾಗಿ ಅಗಿದು ನುಂಗಿ, ಮತ್ತೆ ತೆರೆದರು. ತಟ್ಟೆ ಖಾಲಿಯಾಗುವವರೆಗೂ ಉಂಡರು.